ಮಾವನ ಕೋವಿ, ನನ್ನ ಈಡು

ಜಂಬ ಅಂತೀರಾದರೆ ಅನ್ನಿ, ನನಗೇನೂ ಬೇಜಾರಿಲ್ಲ. ಬೆಳ್ತಂಗಡಿ ತಾಲೂಕಿನ ನಮ್ಮ ಮೂಲೆಯಲ್ಲಿ ಕೇಪಿನ ಕೋವಿಗೆ ನನ್ನಷ್ಟು ಚೆನ್ನಾಗಿ ಈಡು ತುಂಬಿಸುವವರು ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳುವುದಿಲ್ಲ. ಕೋವಿ ಇರುವ ಮನೆ ಎಂದರೆ ಊರಿನವರಿಗೆ ಕೋವಿ ಕಾಣುತ್ತದೆ, ಅದನ್ನು ಭುಜಕ್ಕಿಟ್ಟ ಗಂಡಸು ಕಾಣುತ್ತಾನೆ, ಗುಡ್ಡಕ್ಕೆ ಬಡಿದು ವಾಪಸು ಬರುವ ಸದ್ದು ಕೇಳುತ್ತದೆ. ಒಳಗೆ ಮದ್ದು ಎಷ್ಟು, ಗುಂಡು ಎಂಥದ್ದು, ಅದನ್ನು ಯಾರು ಕೂತು ಜೋಡಿಸಿದರು ಎಂದು ಯಾರೂ ವಿಚಾರಿಸುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಬೆಳೆ ಕಾಯಲು ಲೈಸೆನ್ಸ್ ಕೊಟ್ಟ ಹಳೆಯ ಕೋವಿಗಳಿಗೆ ಅಂಗಡಿಯ ತೋಟೆ ನಡೆಯುವುದಿಲ್ಲ. ಪ್ರತಿ ಸಲವೂ ನಳಿಗೆಯ ಬಾಯಿಯಿಂದ ಮೊದಲು ಮದ್ದು ಹಾಕಬೇಕು, ಆಮೇಲೆ ಗುಂಡು ಇಲ್ಲವೇ ಸಣ್ಣ ಚರೆ, ಅದು ಅಲುಗದಂತೆ ಮೇಲೊಂದು ಒತ್ತು. ಎಲ್ಲವನ್ನೂ ಗಜ ಎಂಬ ಉದ್ದನೆಯ ಸರಳಿನಿಂದ ತಳಕ್ಕೆ ಇಳಿಸಬೇಕು. ಹೊಡೆಯುವ ಹೊತ್ತಿಗೆ ಮಾತ್ರ ಹಿಂದುಗಡೆ ಕಿಡಿ ಹಾರಿಸುವ ತಾಮ್ರದ ಪುಟ್ಟ ಕೇಪು ಇಡುವುದು. ಈ ಇಡೀ ತುಂಬಿಕೆಗೆ ನಾವು ಈಡು ಎನ್ನುತ್ತೇವೆ. ಮಂಗ ಓಡಿಸಲು ಬರೀ ಮದ್ದಿನ ಈಡು ಸಾಕು, ಸದ್ದಿಗೇ ಓಡುತ್ತವೆ. ಕಾಡುಹಂದಿ ಸದ್ದಿಗೆ ಕ್ಯಾರೇ ಅನ್ನುವುದಿಲ್ಲ. ಅನುಮತಿ ಸಿಕ್ಕಿದ ಸಮಯದಲ್ಲಿ ಅದಕ್ಕೆ ಭಾರದ ಸೀಸದ ಗುಂಡೇ ಆಗಬೇಕು. ಆ ಗುಂಡಿನ ಈಡು ನನ್ನ ಕೈಕೆಲಸ.

ನಾನು ಹುಟ್ಟಿದ್ದು ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ. ಮಂಗಳೂರು ರಸ್ತೆಯ ಬದಿಯ ಮನೆ, ಇಡೀ ದಿನ ಬಸ್ಸಿನ ಹಾರ್ನ್. ಕೋವಿಯನ್ನು ನಾನು ನೋಡಿದ್ದು ಬ್ಯಾಂಕಿನ ಕಾವಲುಗಾರನ ಹೆಗಲಲ್ಲಿ ಮಾತ್ರ. ನನಗೆ ಗೊತ್ತಿದ್ದ ಕೆಲಸ ಬೀಡಿ ಕಟ್ಟುವುದು. ಮಧ್ಯಾಹ್ನದ ಊಟ ಮುಗಿಸಿ ಅಮ್ಮ, ತಂಗಿ, ನಾನು ಮೂವರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಜಗಲಿಯಲ್ಲಿ ಕೂತುಬಿಡುತ್ತಿದ್ದೆವು. ಹೊಗೆಸೊಪ್ಪು ಹೆಚ್ಚಾದರೆ ಬೀಡಿ ಎಳೆಯಲು ಬರುವುದಿಲ್ಲ, ಕಡಿಮೆಯಾದರೆ ಟೊಳ್ಳು. ಎರಡನ್ನೂ ಬೀಡಿ ಎಣಿಸಿ ತೆಗೆದುಕೊಳ್ಳುವ ಕಂಪೆನಿಯ ಬ್ರಾಂಚಿನಲ್ಲಿ ತೆಗೆದು ಬದಿಗೆ ಎಸೆಯುತ್ತಿದ್ದರು. ನನ್ನ ಕಟ್ಟಿನಿಂದ ಬೀಡಿ ಎಸೆದದ್ದು ಬಹಳ ಅಪರೂಪ. ಇದೂ ಜಂಬವೇ, ಬರೆದುಕೊಳ್ಳಿ.

ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಇರಲಿಲ್ಲ, ಮೊದಲೇ ತೀರಿಹೋಗಿದ್ದರು. ಇದ್ದದ್ದು ಮಾವ, ನನ್ನ ಗಂಡ, ಒಂದಿಷ್ಟು ರಬ್ಬರು, ಗುಡ್ಡದ ಬುಡದಲ್ಲಿ ಒಂದು ಭತ್ತದ ಗದ್ದೆ ಮತ್ತು ಆ ಕೋವಿ. ಗಂಡನ ಅಣ್ಣ, ಅಂದರೆ ನನ್ನ ಭಾವ, ಬಂಟ್ವಾಳದಲ್ಲಿ ಹೋಟೆಲು ಇಟ್ಟುಕೊಂಡು ಅಲ್ಲೇ ಮನೆ ಮಾಡಿದ್ದರು. ನನ್ನ ಗಂಡ ನಸುಕಿನಲ್ಲೇ ರಬ್ಬರು ಗೀರುವ ಮನುಷ್ಯ, ಹಾವು ಕಂಡರೂ ಹೆದರುವವರಲ್ಲ. ಆದರೆ ಕೋವಿಯ ಸದ್ದು ಮಾತ್ರ ಆಗದು. ಮಾವ ಕೋವಿಯ ಕುದುರೆ ಎಳೆಯುವುದು ಕಂಡರೆ ಸಾಕು, ಇವರು ಎರಡೂ ಕಿವಿ ಮುಚ್ಚಿಕೊಂಡು ಹಟ್ಟಿಯೊಳಗೆ ಹೋಗಿ ದನದ ಪಕ್ಕ ನಿಲ್ಲುತ್ತಾರೆ. ನಾನು ನಕ್ಕರೆ, “ನಾನೆಂತ ಮಾಡ್ಲಿಕ್ಕುಂಟು ಮಾರಾಯ್ತಿ, ದೇವರು ಕೊಟ್ಟ ಕಿವಿ ಇಂಥದ್ದು” ಎನ್ನುತ್ತಾರೆ. ನಮ್ಮ ಮನೆಯ ಮಾತೆಲ್ಲ ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಮಾವನಿಗೆ ವಯಸ್ಸಾಗುತ್ತಾ ಕೈ ನಡುಗಲು ಶುರುವಾಯಿತು. ವಿಚಿತ್ರ ಏನೆಂದರೆ, ಕೋವಿ ಭುಜಕ್ಕೆ ಬಂದರೆ ನಡುಕ ನಿಲ್ಲುತ್ತಿತ್ತು. ಮದ್ದು ಅಳೆಯುವಾಗ, ಕೇಪು ಕೂರಿಸುವಾಗ ಜಾಸ್ತಿಯಾಗುತ್ತಿತ್ತು. ಅಂಗಳಕ್ಕೆಲ್ಲ ಮದ್ದು ಚೆಲ್ಲಿ ಅವರೇ ತಮ್ಮನ್ನು ಬೈದುಕೊಳ್ಳುತ್ತಿದ್ದರು. ಮದುವೆಯ ಮೇಲೂ ನಾನು ಬೀಡಿ ಬಿಟ್ಟಿರಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕೂತು ಕಟ್ಟುತ್ತಿದ್ದಾಗ ಮಾವ ಎದುರಿನ ಬೆಂಚಿನಲ್ಲಿ ಕೂತು ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಮದ್ದು ಅಳೆಯುವ ಕೊಳವೆ ತಂದು ನನ್ನ ತಟ್ಟೆಯಲ್ಲೇ ಇಟ್ಟರು. “ಬೀಡಿ ಬದಿಗಿಡು ಮಗಾ. ಇದನ್ನು ಹಿಡಿ, ನೋಡುವ” ಎಂದರು.

ಹಾಗೆ ಶುರುವಾಯಿತು ನನ್ನ ವಿದ್ಯೆ. ಮೊದಲು ಗುಂಡು ಎರೆಯುವುದು. ಸೀಸ ಭಾವನೇ ಬಂಟ್ವಾಳದಿಂದ ಕಳಿಸುತ್ತಿದ್ದರು, ನೇತ್ರಾವತಿಯಲ್ಲಿ ಬೀಸುವ ಬಲೆಯ ಅಂಚಿಗೆ ಕಟ್ಟುತ್ತಾರಲ್ಲ, ಆ ಸೀಸದ ಮಣಿಗಳು. ಅದನ್ನು ಅಂಗಳದ ಒಲೆಯಲ್ಲಿ ಕರಗಿಸಿ, ಮೇಲೆ ತೇಲುವ ಕೊಳೆ ತೆಗೆದು, ಇಕ್ಕಳದಂಥ ಅಚ್ಚಿಗೆ ಹೊಯ್ಯಬೇಕು. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕಾಗುತ್ತದೆ. ನಿಧಾನಕ್ಕೆ ಹೊಯ್ದರೆ ಒಳಗೆ ಗಾಳಿ ಉಳಿದು ಟೊಳ್ಳಾಗುತ್ತದೆ, ಅಂಥ ಗುಂಡು ನೇರ ಹೋಗುವುದಿಲ್ಲ. ನಾನು ಎರೆದ ಮೊದಮೊದಲ ಗುಂಡುಗಳನ್ನು ಮಾವ ಹಳೆಯ ಕನ್ನಡಿಯ ಮೇಲೆ ಉರುಳಿಸಿ ನೋಡಿ, ವಾಪಸು ಬಾಣಲೆಗೆ ಹಾಕಿದರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಆದರೆ ಬ್ರಾಂಚಿನವರಿಂದ ಬೀಡಿ ಎಸೆಸಿಕೊಳ್ಳದ ನಾನು ಮಾವನಿಂದ ಗುಂಡು ಎಸೆಸಿಕೊಳ್ಳುವುದೇ ಎಂದು ಹಟ ಹಿಡಿದು ಎರೆದೆ. ಕನ್ನಡಿಯ ಮೇಲೆ ಎಲ್ಲಿಯೂ ವಾಲದೆ ಉರುಳುವ ಗುಂಡು ಬಂದ ದಿನ ಮಾವ ಅದನ್ನು ಅಂಗೈಯಲ್ಲಿ ತೂಗಿ, “ಹಾಂ” ಎಂದರು. ಅವರ ಬಾಯಿಯಿಂದ ಅಷ್ಟು ಬಂದರೆ ಬಹಳವಾಯಿತು.

ಒತ್ತಿನ ವಿಷಯದಲ್ಲಿ ಮಾತ್ರ ನಮಗಿಬ್ಬರಿಗೆ ಜಗಳವೇ ಆಯಿತು. ಮಾವ ಗುಂಡಿನ ಮೇಲೆ ತೆಂಗಿನ ನಾರನ್ನು, ಅಂದರೆ ಕತ್ತವನ್ನು, ಉಂಡೆ ಮಾಡಿ ಒತ್ತುವವರು. ಅವರ ಅಪ್ಪನೂ ಹಾಗೆಯೇ ಮಾಡುತ್ತಿದ್ದರಂತೆ. ನಾನು ಮಾವನ ಹಳೆಯ ಪಂಚೆಯನ್ನು ದುಂಡಗೆ ಕತ್ತರಿಸಿ, ಜೇನುಮೇಣ ಸವರಿ, ಪದರ ಮಾಡಿ ಒತ್ತಿದೆ.

“ಕತ್ತಕ್ಕೆ ಎಂತ ಆಗಿದೆ?” ಎಂದು ಮಾವ ಕೇಳಿದರು.

“ತೇವ ಹೀರ್ತದೆ ಮಾವ. ಒಂದು ಉಂಡೆಯ ಹಾಗೆ ಇನ್ನೊಂದು ಇರುವುದೂ ಇಲ್ಲ.”

“ನನ್ನ ಪಂಚೆಗೆ ಕತ್ತರಿ ಹಾಕ್ಲಿಕ್ಕೆ ನಿನಗೊಂದು ನೆವ ಬೇಕಿತ್ತು” ಎಂದರು. ಆದರೆ ಬೇಡ ಎನ್ನಲಿಲ್ಲ. ಅಂದಿನಿಂದ ನನ್ನ ಈಡಿನಲ್ಲಿ ಬಟ್ಟೆಯ ಒತ್ತೇ.

ಒಂದು ಕ್ರಮವನ್ನು ಮಾತ್ರ ಅವರು ನನ್ನ ತಲೆಗೆ ಬಡಿದು ಕೂರಿಸಿದ್ದರು. ಹೊಡೆಯದೆ ಉಳಿದ ಈಡು ಬೆಳಿಗ್ಗೆ ಕೋವಿಯಲ್ಲಿ ಇರಕೂಡದು. ಬೇರೆಯವರು ಗಾಳಿಗೆ ಹೊಡೆದು ಖಾಲಿ ಮಾಡುತ್ತಾರೆ. ನಾವು ಗಜದ ತುದಿಗೆ ತಿರುಪು ಸಿಕ್ಕಿಸಿ, ಒತ್ತನ್ನು ಚುಚ್ಚಿ ಎಳೆದು, ಗುಂಡು ಕೆಡವಿ, ಮದ್ದು ಸುರಿದು ತೆಗೆಯುತ್ತೇವೆ. ಮತ್ತೆ ತುಂಬಿಸುವ ಮೊದಲು ಎಷ್ಟೇ ಅವಸರವಿದ್ದರೂ ಬರಿಯ ಗಜ ಇಳಿಸಿ ನೋಡಲೇಬೇಕು. ಖಾಲಿ ನಳಿಗೆಯಲ್ಲಿ ಗಜ ಟಣ್ ಎಂದು ತಳ ಮುಟ್ಟುತ್ತದೆ, ಗಜದ ಮೇಲೆ ಗುರುತಿಗೆಂದು ಕೊರೆದ ಗೀಟು ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಕೋವಿ ಖಾಲಿಯೋ ತುಂಬಿದ್ದೋ ತಿಳಿಯುವುದಿಲ್ಲ. ಈಡಿನ ಮೇಲೆ ಇನ್ನೊಂದು ಈಡು ಬಿದ್ದರೆ ನಳಿಗೆ ಒಡೆದು, ಹಿಡಿದವನ ಕೈ, ಕಣ್ಣು ಎರಡೂ ಹೋಗಬಹುದು.

ಹೀಗೆ ನಾನು ತುಂಬಿಸುವುದು, ಮಾವ ಹೊಡೆಯುವುದು ವರ್ಷಗಟ್ಟಲೆ ನಡೆಯಿತು. ಭತ್ತ ಹಾಲು ತುಂಬುವ ಕಾಲಕ್ಕೆ ಹಂದಿಗಳ ಹಿಂಡು ಗುಡ್ಡ ಇಳಿದು ಬರುತ್ತದೆ. ಒಮ್ಮೆ ಮುಂದಿದ್ದ ದೊಡ್ಡ ಹಂದಿ ನನ್ನ ಗುಂಡಿಗೆ ಬಿದ್ದು, ಉಳಿದವು ಆ ವರ್ಷ ಮತ್ತೆ ಇತ್ತ ತಲೆ ಹಾಕಲಿಲ್ಲ. ಸುತ್ತಲಿನವರೆಲ್ಲ ಬಂದು ಮಾವನ ಗುರಿಯನ್ನು ಹೊಗಳಿದರು. ಮಾವ ಎಲ್ಲರಿಗೂ ಎಲೆ ಅಡಿಕೆ ಕೊಟ್ಟು ಸುಮ್ಮನೆ ಕೂತಿದ್ದು, ಅವರು ಹೋದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, “ಗುಂಡು ಒಳ್ಳೆ ನೇರ ಹೋಯ್ತು ಮಗಾ” ಎಂದರು. ಅಂದು ಗಂಜಿ ಬಡಿಸುವಾಗ ನಾನು ನೆಲ ಮುಟ್ಟದೆ ಓಡಾಡಿದ್ದೇನೆ.

ಕಳೆದ ಚುನಾವಣೆಗೆ ಎಲ್ಲರ ಕೋವಿಯ ಜೊತೆ ನಮ್ಮದೂ ಠಾಣೆಗೆ ಹೋಯಿತು. ಅದು ನಮ್ಮ ಕಡೆ ಪ್ರತಿ ಚುನಾವಣೆಯ ಕ್ರಮ. ಮುಗಿದ ಮೇಲೆ ವಾಪಸು ತರಲು ಹೋದ ಮಾವ ಬಿಸಿಲಲ್ಲಿ ಸರದಿ ನಿಂತು ಸುಸ್ತಾಗಿ ಬಂದರು. ಲೈಸೆನ್ಸ್ ಇದ್ದವರು ಮುದುಕರಾದರೆ ಬದುಕಿರುವಾಗಲೇ ಮನೆಯ ಒಬ್ಬರ ಹೆಸರಿಗೆ ಮಾಡಿಕೊಡಲು ಅವಕಾಶ ಇದೆ, ಸೊಸೆಯಾದರೂ ಆಗುತ್ತದೆ ಎಂದು ಅಲ್ಲಿ ಯಾರೋ ಹೇಳಿದ್ದರು. “ನವರಾತ್ರಿಗೆ ಎಲ್ಲರೂ ಬರ್ತಾರಲ್ಲ. ಯಾರಿಗೆ ಅಂತ ಆಗ ಹೇಳ್ತೇನೆ” ಎಂದರು ಮಾವ.

ಭಾವನಿಗೆ ಆ ಕೋವಿಯ ಮೇಲೆ ಮನಸ್ಸಿತ್ತು. ಹಿರಿಯ ಮಗ, ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಮದ್ದಿನ ಕೊಂಬು ಹೊತ್ತು ತಿರುಗಿದವರು. ಬಂಟ್ವಾಳದ ಹೊಸ ಮನೆಯ ಚಾವಡಿಯಲ್ಲಿ ಅದನ್ನು ತೂಗುಹಾಕಲು ಜಾಗವನ್ನೂ ಬಿಟ್ಟಿದ್ದರು. ಅವರ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನನಗೂ ಅದು ಬೇಕಿತ್ತು, ಬಾಯಿಬಿಟ್ಟು ಹೇಳುತ್ತೇನೆ, ಬಹಳ ಬೇಕಿತ್ತು. ಕೋವಿ ಬಂಟ್ವಾಳಕ್ಕೆ ಹೋದರೆ ಗದ್ದೆ ಹಂದಿಯ ಪಾಲು. ಗದ್ದೆಗೂ ರಬ್ಬರು ಹಾಕಿಬಿಡುವ ಎಂದು ನನ್ನ ಗಂಡ ಆಗಲೇ ಶುರು ಮಾಡಿದ್ದರು. ಅದಕ್ಕಿಂತ ಹೆಚ್ಚಾಗಿ, ಗೋಡೆಯಲ್ಲಿ ತೂಗುವ ಕೋವಿಗೆ ಈಡು ತುಂಬಿಸುವವಳು ಬೇಕಾಗಿಲ್ಲ. ಇಷ್ಟು ವರ್ಷ ಕಲಿತ ಕೈಯನ್ನು ನಾನು ಏನು ಮಾಡಲಿ?

ಆಯುಧ ಪೂಜೆಯ ಹಿಂದಿನ ದಿನ ಬೆಳಿಗ್ಗೆ ನಾನು ಎಂದಿನಂತೆ ಕೋವಿ ಖಾಲಿ ಮಾಡಿ, ಅಮ್ಮನಿಗೆ ಜ್ವರ ಎಂದು ತೋಡಾರಿಗೆ ಹೋದೆ. ಸಂಜೆ ವಾಪಸು ಬರುವಷ್ಟರಲ್ಲಿ ಮಾವ ಕೋವಿ ಒರೆಸಿ, ಕೆಂಪು ಬಟ್ಟೆ ಹೊದೆಸಿ ದೇವರ ಕೋಣೆಯಲ್ಲಿ ಇಟ್ಟಾಗಿತ್ತು. ಹಾಗೆ ಇಟ್ಟ ಮೇಲೆ ಪೂಜೆ ಮುಗಿಯುವವರೆಗೆ ಮುಟ್ಟುವ ಕ್ರಮ ಇಲ್ಲ. ನಾನೂ ಮುಟ್ಟಲಿಲ್ಲ.

ಮರುದಿನ ಭಾವ, ಅಕ್ಕ, ಮಕ್ಕಳು ಕಾರಿನಲ್ಲಿ ಬಂದರು. ಅಕ್ಕ, ಭಾವನ ಹೆಂಡತಿ, ನಗಿಸುವ ಬಾಯಿಯವರು. ಜಗಲಿಯಲ್ಲಿದ್ದ ನನ್ನ ಗುಂಡಿನ ಡಬ್ಬಿ ನೋಡಿ, “ಎಂತದು, ಈಗ ಹಂದಿಗೂ ಬೀಡಿ ಕಟ್ತಿಯಾ?” ಎಂದರು. ಹೌದಕ್ಕ, ಸೇದಿದರೆ ಮತ್ತೆ ಏಳುವುದಿಲ್ಲ ಎಂದೆ. ಎಲ್ಲರೂ ನಕ್ಕರು. ಪೂಜೆಯಾಯಿತು, ಊಟವಾಯಿತು. ಊಟದ ನಂತರ ಅಂಗಳದಲ್ಲಿ ಒಂದು ಮದ್ದಿನ ಈಡನ್ನು ಆಕಾಶಕ್ಕೆ ಹೊಡೆಯುವುದು ನಮ್ಮ ಮನೆಯ ಪದ್ಧತಿ. ಹೊಡೆಯುವುದು ಹಿರಿಯ ಮಗ. ತುಂಬಿಸಿ ಕೊಡುವುದು ನಾನು.

ಹೂ ತೆಗೆದು ಕೋವಿ ಅಂಗಳಕ್ಕೆ ತಂದೆ. ಮದ್ದಿನ ಕೊಳವೆ ಬದಿಗಿಟ್ಟು ಗಜ ತೆಗೆದುಕೊಂಡೆ. ಭಾವನಿಗೆ ಅವಸರ. “ನಿನ್ನೆಯಷ್ಟೇ ಅಪ್ಪ ಒರೆಸಿಟ್ಟ ಕೋವಿಗೆ ಗಜ ಎಂತಕ್ಕೆ? ಮದ್ದು ಹಾಕು, ನನಗೆ ಹೋಟೆಲಿಗೆ ಹೋಗ್ಲಿಕ್ಕುಂಟು” ಎಂದರು. ನಾನು ಕೇಳಲಿಲ್ಲ, ಗಜ ಇಳಿಸಿದೆ. ಟಣ್ ಎನ್ನಲಿಲ್ಲ. ಮೆತ್ತಗೆ ಏನನ್ನೋ ಮುಟ್ಟಿ ನಿಂತಿತು. ಗೀಟು ನಳಿಗೆಯ ಬಾಯಿಯಿಂದ ನಾಲ್ಕು ಬೆರಳಿನಷ್ಟು ಮೇಲಿತ್ತು. ನಾನು ಖಾಲಿ ಮಾಡಿಟ್ಟ ಕೋವಿಯಲ್ಲಿ ಈಡು ಇತ್ತು. ಅಷ್ಟು ಎತ್ತರ ನಿಂತಿದೆ ಎಂದರೆ ಬರೀ ಮದ್ದಲ್ಲ, ಗುಂಡಿನ ಈಡು.

ತಲೆ ಎತ್ತಿ ಮಾವನನ್ನು ನೋಡಿದೆ. ನನ್ನ ಗಂಡ ಕೋವಿ ಮುಟ್ಟುವವರಲ್ಲ, ಉಳಿದವರು ಊರಲ್ಲಿರಲಿಲ್ಲ. ಮಾವ ಗಜದ ಗೀಟನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಕಂಡದ್ದು ತಪ್ಪು ಮಾಡಿದವರ ಹೆದರಿಕೆ ಅಲ್ಲ. ಏನನ್ನೋ ಹುಡುಕುತ್ತಾ ಸಿಗದೆ ನಿಂತವರ ಮುಖ ಅದು. ನಿನ್ನೆ ನಾನಿಲ್ಲದಾಗ ಗದ್ದೆಯ ಅಂಚಿನಲ್ಲಿ ಹಂದಿ ಕಂಡಿರಬೇಕು, ಇವರೇ ತುಂಬಿಸಿದ್ದಾರೆ, ಆಮೇಲೆ ಒರೆಸಿ ಇಟ್ಟಿದ್ದಾರೆ, ತುಂಬಿಸಿದ ನೆನಪೇ ಇವರಿಗಿಲ್ಲ. ಮಕ್ಕಳು ಮೊಮ್ಮಕ್ಕಳ ಎದುರು ಆ ಮನುಷ್ಯನನ್ನು ಮರೆವಿನ ಮುದುಕ ಮಾಡಲು ನನ್ನಿಂದಾಗಲಿಲ್ಲ.

“ನಾನೇ ತುಂಬಿಸಿದ್ದು. ಮರೆತೆ” ಎಂದೆ.

ಈಡು ಮರೆತವಳು ಎಂದು ನನ್ನ ಬಾಯಿಂದಲೇ ಬಂತು. ಕಳ್ಳಿ ಎಂದು ಕರೆದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ಗಂಡ, “ಅಲ್ಲ, ನೀನು ನಿನ್ನೆ ಬೆಳಿಗ್ಗೆ…” ಎಂದು ಶುರು ಮಾಡಿದರು. ಅವರ ಕಡೆ ಕಣ್ಣು ಬಿಟ್ಟೆ, ಅಲ್ಲಿಗೇ ನಿಲ್ಲಿಸಿದರು.

ಭಾವ ಎರಡು ಹೆಜ್ಜೆ ಹಿಂದೆ ಸರಿದರು. “ಮರೆತದ್ದಾ? ಇದನ್ನು ಹಿಡಿದು ನಿಲ್ಲುವವ ನಾನು. ಹಿಂದೆ ಮಕ್ಕಳು ನಿಂತಿದ್ದಾರೆ” ಎಂದರು. ಸಿಟ್ಟು ನ್ಯಾಯದ್ದೇ. “ಇನ್ನು ಎಂತದೂ ಮಾತಾಡ್ಲಿಕ್ಕಿಲ್ಲ ಅಪ್ಪಾ. ಮರೆಯುವವರ ಕೈಯಲ್ಲಿ ಇದು ಬೇಡ. ನನ್ನ ಹೆಸರಿಗೆ ಮಾಡಿ, ಬಂಟ್ವಾಳಕ್ಕೆ ಕೊಂಡುಹೋಗ್ತೇನೆ.”

ಮಾವ ಕೋವಿಯ ಕಡೆ ಕೈ ತೋರಿಸಿದರು. “ಮೊದಲು ಖಾಲಿ ಮಾಡು ಮಗಾ” ಎಂದಷ್ಟೇ ಹೇಳಿದರು.

ಎಲ್ಲರನ್ನೂ ಜಗಲಿಗೆ ಹತ್ತಿಸಿ, ಹಿಂದೆ ಕೇಪು ಇಲ್ಲವೆಂದು ನೋಡಿಕೊಂಡು, ಗಜಕ್ಕೆ ತಿರುಪು ಸಿಕ್ಕಿಸಿ ಇಳಿಸಿದೆ. ತಿರುಗಿಸಿ ಎಳೆದೆ. ನನ್ನ ಬಟ್ಟೆಯ ಒತ್ತು ಇಡಿಯಾಗಿ ಪುಸಕ್ಕೆಂದು ಬರುತ್ತದೆ. ಇದು ಸಿಕ್ಕುಸಿಕ್ಕಾಗಿ, ಎಳೆ ಎಳೆಯಾಗಿ ಬಂತು. ತೆಂಗಿನ ಕತ್ತ. ಮುಚ್ಚಿಡೋಣವೆಂದರೆ ತಿರುಪಿನ ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ಜೋತುಬಿದ್ದಿತ್ತು. ಗುಂಡು ಕೆಡವಿದೆ, ಮದ್ದು ಸುರಿದೆ. ಭಾವ ಜಗಲಿಯಿಂದ ಇಳಿದು ಬಂದು ಕತ್ತದ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಅವರಿಗೂ ಅಪ್ಪ ಕಲಿಸಿದ್ದು ಅದೇ ಕತ್ತ. ನೋಡಿ, ನನ್ನ ಕಡೆ ತಿರುಗಿದರು, ಮತ್ತೆ ಅಪ್ಪನ ಕಡೆ.

ಮಾವ ಕೈ ಚಾಚಿ ಉಂಡೆಯನ್ನು ತೆಗೆದುಕೊಂಡರು. ಹೆಬ್ಬೆರಳಿನಲ್ಲಿ ಬಿಡಿಸಿದರು.

“ಇದು ನನ್ನದು” ಎಂದರು. “ತುಂಬಿಸಿದ ನೆನಪು ನನಗಿಲ್ಲ. ಎಷ್ಟು ಯೋಚಿಸಿದರೂ ಬರುವುದಿಲ್ಲ. ಆದರೆ ಈ ಮನೆಯಲ್ಲಿ ಕತ್ತ ಒತ್ತುವವ ನಾನೊಬ್ಬನೇ. ಅವಳು ಇಷ್ಟು ವರ್ಷದಲ್ಲಿ ಒತ್ತಿದ್ದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. ಹೊಗಳುತ್ತಾರೆ ಎಂದುಕೊಂಡಿರಾ? ಬೈದರು. “ನೀನು ಎಂತಕ್ಕೆ ಸುಳ್ಳು ಹೇಳಿದ್ದು? ಕೋವಿಯ ವಿಷಯದಲ್ಲಿ ಸುಳ್ಳು ಹೇಳ್ಬಾರದು. ನನ್ನ ಮರ್ಯಾದೆಗೆ ಅಂತಲೂ ಹೇಳ್ಬಾರದು. ನಾನು ಮರೆತದ್ದು ಇವರಿಗೆ ಗೊತ್ತಾಗದಿದ್ರೆ ನಾಳೆ ನಾನು ಇನ್ನೊಮ್ಮೆ ತುಂಬಿಸ್ತೇನೆ. ಆಗ?”

ನಾನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂತು, ಆದರೆ ಒಳಗೆಲ್ಲೋ ಹೆಮ್ಮೆ ಉಕ್ಕಿ ಬಂದದ್ದೂ ಸುಳ್ಳಲ್ಲ. ತನ್ನ ಮರೆವನ್ನು ಮಕ್ಕಳ ಎದುರು ಹಾಗೆ ಬಿಚ್ಚಿಡುವ ಗಂಡಸನ್ನು ನಾನು ಬೇರೆಲ್ಲಿಯೂ ನೋಡಿಲ್ಲ. ಅಂಥವರ ಕೈಯಲ್ಲಿ ನಾನು ಕಲಿತವಳು.

ಮಾವ ಹಿರಿಯ ಮಗನಿಗೆ ಹೇಳಿದರು: “ಇವತ್ತು ಗಜ ಇಳಿಸದೆ ಮದ್ದು ಹಾಕಿದ್ರೆ ನಿನ್ನ ಕೈ ಇರ್ತಿರಲಿಲ್ಲ. ನೀನು ಅವಸರ ಮಾಡಿದೆ, ಇವಳು ಮಾಡಲಿಲ್ಲ. ಕೋವಿ ಇವಳ ಹೆಸರಿಗೆ. ಇನ್ನು ನಾನು ತುಂಬಿಸುವುದಿಲ್ಲ, ಮುಟ್ಟುವುದೂ ಇಲ್ಲ.”

ಭಾವ ನೆಲಕ್ಕೆ ಬಿದ್ದಿದ್ದ ಗುಂಡನ್ನು ಎತ್ತಿ ಅಂಗೈಯಲ್ಲಿ ಉರುಳಿಸಿದರು. ಅಕ್ಕ ಅವರ ತೋಳು ಹಿಡಿದುಕೊಂಡು ನಿಂತಿದ್ದರು. ಕೊನೆಗೆ, “ಪೂಜೆಯ ಈಡು ಹೊಡೀಲಿಕ್ಕೆ ಆದ್ರೂ ಪ್ರತಿ ವರ್ಷ ನನಗೆ ಕೊಡ್ತೀಯಲ್ಲ?” ಎಂದು ನನ್ನನ್ನು ಕೇಳಿದರು. ನಾನು ಪಕ್ಕದಲ್ಲಿ ನಿಂತೇ ತುಂಬಿಸಿ ಕೊಡ್ತೇನೆ ಭಾವ ಎಂದೆ. ಹಾಗೆ ಹೇಳಿ, ಇನ್ನೊಮ್ಮೆ ಗಜ ಇಳಿಸಿ, ಟಣ್ ಎಂಬ ಸದ್ದು ಅವರಿಗೂ ಕೇಳಿಸಿ, ಮದ್ದಿನ ಈಡು ತುಂಬಿಸಿದೆ. ಭಾವ ಆಕಾಶಕ್ಕೆ ಹೊಡೆದರು. ನನ್ನ ಗಂಡ ಹಟ್ಟಿಯಲ್ಲಿದ್ದರು.

ಲೈಸೆನ್ಸ್ ಸುಲಭಕ್ಕೆ ಬರಲಿಲ್ಲ. ಪೊಲೀಸರು ನಡೆಸುವ ಬಂದೂಕು ತರಬೇತಿಗೆ ಹೋದೆ. ಗಂಡಸರ ಸಾಲಿನಲ್ಲಿ ಸೀರೆ ಸೆರಗು ಸಿಕ್ಕಿಸಿ ಮಲಗಿ ಗುರಿ ಹಿಡಿದೆ, ಗುರಿಗೆ ಹೊಡೆದೆ. ವಿಚಾರಣೆಗೆಂದು ಮನೆಗೆ ಬಂದ ಪೊಲೀಸಿನವರು ನನ್ನನ್ನು ದಾಟಿ ನನ್ನ ಗಂಡನನ್ನು ನೋಡಿ, “ಕೋವಿ ನಿಮಗಾ?” ಎಂದರು. ಇವರು ಎರಡೂ ಕೈ ಆಡಿಸಿ, “ಅಯ್ಯೋ, ನನಗಲ್ಲ, ಅವಳಿಗೆ” ಎಂದು ಒಳಗೆ ಹೋಗಿಬಿಟ್ಟರು. ಕೊನೆಗೂ ನನ್ನ ಹೆಸರು, ನನ್ನ ಫೋಟೋ ಇರುವ ಲೈಸೆನ್ಸ್ ಕೈಗೆ ಬಂತು. ಗದ್ದೆಯೂ ಗದ್ದೆಯಾಗಿಯೇ ಉಳಿಯಿತು.

ಆಡಿದ ಮಾತಿನಂತೆ ಮಾವ ಕೋವಿ ಮುಟ್ಟಲಿಲ್ಲ. ನಾನು ಜಗಲಿಯಲ್ಲಿ ಕೂತು ಎಣ್ಣೆ ಹಾಕಿ ಒರೆಸುವಾಗ ಬೆಂಚಿನಲ್ಲಿ ಕೂತು ನೋಡುತ್ತಾರೆ, ಅಷ್ಟೆ. ಮೊನ್ನೆ ಒಂದು ಸಂಜೆ ಹಾಗೆಯೇ ಒರೆಸುತ್ತಿದ್ದೆ. ಮಾವ ವೀಳ್ಯ ಹಾಕಿಕೊಂಡು ಮುಗಿಸಿ, ಎದ್ದು ಬಂದು ನನ್ನ ಎದುರು ನಿಂತರು. ಅರ್ಧ ಆಯುಷ್ಯಕ್ಕಿಂತ ಹೆಚ್ಚು ಆ ಕೋವಿಯನ್ನು ಹೆಗಲಿಗೆ ಹಾಕಿದ ಮನುಷ್ಯ, ಯಾರದೋ ಮನೆಯ ವಸ್ತು ಕೇಳುವಂತೆ, “ಒಮ್ಮೆ ಕೊಡ್ತೀಯಾ ಮಗಾ? ಸುಮ್ಮನೆ ಹಿಡಿದು ನೋಡ್ತೇನೆ” ಎಂದರು.

ಕೊಡಲು ಕೈ ಎತ್ತಿದವಳ ಕಣ್ಣು ಅವರ ಬೆರಳಿನ ಮೇಲೆ ಬಿತ್ತು.

“ಕೈಯಲ್ಲಿ ಸುಣ್ಣ ಉಂಟು ಮಾವ. ನಳಿಗೆಗೆ ತುಕ್ಕು ಹಿಡೀತದೆ. ತೊಳೆದು ಬನ್ನಿ” ಎಂದುಬಿಟ್ಟೆ.

ಯಾರಿಗೆ ಏನು ಹೇಳಿದೆ ನಾನು ಎಂದು ನನಗೇ ನಾಚಿಕೆಯಾಯಿತು. ಮಾವ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಬಾವಿಕಟ್ಟೆಗೆ ಹೋಗಿ, ನೀರು ಹೊಯ್ದು ಉಜ್ಜಿ ಉಜ್ಜಿ ತೊಳೆದು, ಬೈರಾಸಿನಲ್ಲಿ ಒಂದೊಂದೇ ಬೆರಳು ಒರೆಸುತ್ತಾ ಬಂದರು. ಬಂದು ಎರಡೂ ಕೈ ನನ್ನ ಮುಂದೆ ಬಿಡಿಸಿ ಹಿಡಿದರು.

“ಈಗ ಆದೀತಾ?” ಎಂದರು.

ನಾನು ಎರಡೂ ಕೈಯನ್ನು ಸರಿಯಾಗಿ ನೋಡಿದೆ. ಆದೀತು ಎಂದು ಕೋವಿ ಕೊಟ್ಟೆ.